ಮುರಿದ ಮನೆಗೂ ಬೆಲೆಯುಂಟು

ನಮ್ಮ ಕಡೆಯ ಹಂಚಿನ ಮನೆಗಳ ಆಯುಷ್ಯ ನಿಂತಿರುವುದು ಪತ್ತನಾಜೆಗೆ ಮುಂಚಿನ ಎಂಟು ದಿನಗಳ ಕೆಲಸದ ಮೇಲೆ. ಮಾಡು ಹತ್ತಿ, ಒಡೆದ ಹಂಚು ತೆಗೆದು ಹೊಸದಿಟ್ಟು, ಕುಂಬಾದ ರೀಪು ಬದಲಿಸಿ, ಕಸ ಗುಡಿಸಿದರೆ ಮನೆ ಇನ್ನೊಂದು ಮಳೆಗಾಲಕ್ಕೆ ಗಟ್ಟಿ. ಈ ಕೆಲಸ ಒಂದು ವರ್ಷ ತಪ್ಪಿದರೆ ಒಂದು ಕೋಣೆ ಸೋರುತ್ತದೆ. ಮೂರು ವರ್ಷ ತಪ್ಪಿದರೆ ಪಕ್ಕಾಸಿನ ತಲೆ ಕುಂಬಾಗುತ್ತದೆ. ಆಮೇಲೆ ಗೋಡೆಯ ಸರದಿ. ಮುರಕಲ್ಲಿನ ಗೋಡೆ, ಅದರಲ್ಲೂ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು, ಮೇಲಿನಿಂದ ನೀರು ಕುಡಿಯಲು ತೊಡಗಿತೆಂದರೆ ಹೊರಗಿನಿಂದ ಏನೂ ಕಾಣದೆಯೇ ಒಳಗಿನಿಂದ ಸಡಿಲಾಗುತ್ತ ಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಆಟಿಯ ಒಂದು ರಾತ್ರಿ ಪಡುವಣ ಗೋಡೆ ದೊಪ್ಪನೆ ಬಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಾಡು ಹತ್ತುವವರು ಯಾರು ಎಂಬುದೇ ಈಗಿನ ಪ್ರಶ್ನೆ. ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಯಾ ಕೊಲ್ಲಿ ರಾಜ್ಯಗಳಲ್ಲಿ. ಮನೆಯಲ್ಲಿ ಉಳಿದವರು ಇಬ್ಬರು ಹಿರಿಯರು, ಒಂದು ದೀಪ, ಒಂದು ದೈವದ ಕೋಣೆ. ಕೆಲಸದವರು ಸಿಕ್ಕಿದರೂ ಹಂಚಿನ ಮಾಡಿನ ಕೆಲಸ ಬಲ್ಲವರು ವಿರಳ. ಹೀಗಾಗಿ ಮಂಜೇಶ್ವರದಿಂದ ಮುಳ್ಳೇರಿಯದ ವರೆಗೆ ಎಲ್ಲಿ ಹೋದರೂ ಪ್ಲಾಸ್ಟಿಕ್ ಹಾಸು ಹೊದ್ದ ತರವಾಡು ಮನೆಗಳನ್ನೂ, ಅರ್ಧ ಬಿದ್ದ ಚಾವಡಿಗಳನ್ನೂ ಕಾಣಬಹುದು. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಗೊಳಿಸುವ ಕೆಲಸದಲ್ಲಿ ಮುಂಭಾಗ ಕಳೆದುಕೊಂಡು ಹಿಂಭಾಗ ಮಾತ್ರ ಉಳಿದ ಮನೆಗಳೂ ಉಂಟು.

ಇಂತಹ ಮನೆಗಳಿಗೆ ಗಿರಾಕಿ ಬರುವುದಿಲ್ಲವೆಂದು ಭಾವಿಸಬಾರದು. ಗೋಡೆ ಬಿದ್ದ ಸುದ್ದಿ ವಿಲೇಜ್ ಆಫೀಸಿಗೆ ಮುಟ್ಟುವ ಮೊದಲೇ ದಲ್ಲಾಳಿಗೆ ಮುಟ್ಟಿರುತ್ತದೆ. ಅವನ ಮಾತು ಎಲ್ಲ ಕಡೆಯೂ ಒಂದೇ: "ಅಮ್ಮಾ, ಈ ಮನೆಗೆ ಬೆಲೆ ಕಟ್ಟುವ ಹಾಗಿಲ್ಲ. ಕೆಡಹುವ ಖರ್ಚೂ ನಮ್ಮ ತಲೆಗೇ. ಜಾಗಕ್ಕೆ ಇಷ್ಟು ಕೊಡುತ್ತೇವೆ. ಇದ್ದ ಹಾಗೆ ಬಿಟ್ಟುಕೊಡಿ, ಒಂದು ಹಂಚು ಸಹ ಬದಲಿಸುವುದು ಬೇಡ. ರೊಕ್ಕ ನಾಳೆಯೇ ತರುತ್ತೇವೆ."

ಮಾರುವುದು ತಪ್ಪು ಎಂದು ಹೇಳಲು ನಾವು ಹೊರಟಿಲ್ಲ. ಹಿರಿಯರ ಮನೆ ಮಾರಿದವನನ್ನು ಊರೆಲ್ಲ ಆಡಿಕೊಳ್ಳುವ ಅಭ್ಯಾಸ ನಮ್ಮಲ್ಲುಂಟು. ಆದರೆ ಆಡಿಕೊಳ್ಳುವವರು ಯಾರೂ ಮಳೆಗಾಲದಲ್ಲಿ ಆ ಮನೆಯೊಳಗೆ ಒಂದು ರಾತ್ರಿ ಮಲಗಿದವರಲ್ಲ. ರಿಪೇರಿಗೆ ಹಣವಿಲ್ಲದಿದ್ದರೆ, ಇದ್ದರೂ ಮುಂದೆ ವಾಸಿಸುವವರಿಲ್ಲದಿದ್ದರೆ, ಬೀಳುವ ಮನೆಯಲ್ಲಿ ಮುದುಕರನ್ನು ಕೂರಿಸುವುದಕ್ಕಿಂತ ಮಾರುವುದೇ ಮೇಲು. ರೊಕ್ಕ ಹಿಡಿದು ಬರುವ ಗಿರಾಕಿಯೆಲ್ಲ ಮೋಸಗಾರನೆಂಬುದೂ ಸರಿಯಲ್ಲ. ಸಾಲ ಮಾಡಿ ಮನೆ ಕೊಳ್ಳುವ ಸಾಮಾನ್ಯ ಸಂಸಾರಸ್ಥನಿಗೆ ಇಂತಹ ಮನೆ ಬೇಡ; ಬೇಕಿದ್ದರೂ ಬಿರುಕು ಬಿಟ್ಟ ಗೋಡೆಯ ಮೇಲೆ ಬ್ಯಾಂಕಿನವರು ಸುಲಭದಲ್ಲಿ ಸಾಲ ಕೊಡರು. ಆದ್ದರಿಂದ ಸಾಲದ ಹಂಗಿಲ್ಲದವನೇ ಕೊಳ್ಳಬೇಕು. ಅವನು ಬೇಗ ವ್ಯವಹಾರ ಮುಗಿಸುತ್ತಾನೆ, ಕೆಡಹುವ ಅಪಾಯ ಹೊರುತ್ತಾನೆ, ಅದಕ್ಕೆ ಲಾಭ ಕೇಳುತ್ತಾನೆ. ಕೇಳಲಿ. ನಮ್ಮ ತಕರಾರು ಇಷ್ಟೇ: ತಾವು ಮಾರುವುದು ಏನನ್ನು ಎಂದು ಕೊಳ್ಳುವವನಿಗೆ ಗೊತ್ತಿರುತ್ತದೆ, ಮಾರುವವರಿಗೆ ಗೊತ್ತಿರುವುದಿಲ್ಲ.

ಬೆಲೆಯಿಲ್ಲದ ಮನೆಯೆಂದು ಹೇಳಿದ ಗಿರಾಕಿ ಮನೆಯೊಳಗೆ ಬಂದಾಗ ಎಲ್ಲಿ ನೋಡುತ್ತಾನೆಂದು ಗಮನಿಸಬೇಕು. ಬಿದ್ದ ಗೋಡೆಯನ್ನು ಅವನು ನೋಡುವುದಿಲ್ಲ. ತಲೆಯೆತ್ತಿ ಮುಚ್ಚಿಗೆ ನೋಡುತ್ತಾನೆ. ಅಟ್ಟದ ಜಂತಿಗೆ ಉಗುರು ಹಾಕಿ ನೋಡುತ್ತಾನೆ. ಚಾವಡಿಯ ಕಂಬವನ್ನು ಬೆರಳಿನಿಂದ ತಟ್ಟುತ್ತಾನೆ. ನಮ್ಮ ಹಳೆಯ ಮನೆಗಳಲ್ಲಿ ಹಲಸು, ಸಾಗುವಾನಿ, ಕಿರಾಲುಬೋಗಿ ಮರಗಳು ಗೋಡೆಯ ಮೇಲೆ, ಮಾಡಿನ ಕೆಳಗೆ ನೂರು ವರ್ಷ ಒಣಗಿ ಕುಳಿತಿವೆ. ಇಂದು ಅಂಗಡಿಯಲ್ಲಿ ಸಿಗುವ ಹಸಿ ಮರಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಒರಲೆ ಹಿಡಿದದ್ದು ಗೋಡೆಗೆ ತಾಗಿದ ತುದಿ ಮಾತ್ರ. ಒಂದಡಿ ಕೊಯ್ದು ತೆಗೆದರೆ ಉಳಿದ ಮರ ಕಬ್ಬಿಣ.

ಮರದ ಲೆಕ್ಕ ಹಾಕುವುದು ಏಳನೆಯ ತರಗತಿಯ ಮಕ್ಕಳಿಗೆ ಬರುವಂಥದು. ಉದ್ದವನ್ನು ಅಡಿಯಲ್ಲೂ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲೂ ಅಳೆದು, ಮೂರನ್ನೂ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 12 ಅಡಿ ಉದ್ದ, 8 ಇಂಚು ಅಗಲ, 6 ಇಂಚು ದಪ್ಪದ ಒಂದು ಅಡ್ಡ ಎಂದರೆ ನಾಲ್ಕು ಘನ ಅಡಿ. 10 ಅಡಿಯ, 6 ಇಂಚು ಅಗಲ 4 ಇಂಚು ದಪ್ಪದ ಜಂತಿಗಳು 24 ಇದ್ದರೆ ನಲವತ್ತು ಘನ ಅಡಿ. ಇದಕ್ಕೆ ಬಾಗಿಲು, ದಾರಂದ, ಕಿಟಕಿ, ಮುಚ್ಚಿಗೆಯ ಹಲಗೆ, ಕಂಬ, ಪಕ್ಕಾಸು ಸೇರಿಸಿ. ಬಡಗಿಯೊಬ್ಬನನ್ನು ಕರೆದು, ಅವನ ಒಂದು ದಿನದ ಸಂಬಳ ಕೊಟ್ಟು, ಯಾವುದು ಗಟ್ಟಿ ಯಾವುದು ಕುಂಬು ಎಂದು ಗುರುತು ಹಾಕಿಸಿ ಪಟ್ಟಿ ಬರೆಸಿದರೆ ಕೆಲವು ಕುಟುಂಬಗಳಿಗೆ ತಮ್ಮ ಕಣ್ಣನ್ನೇ ನಂಬಲಾಗುವುದಿಲ್ಲ.

ಹಂಚಿನ ಮಾತೂ ಹಾಗೆಯೇ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಕಾರ್ಖಾನೆ ತೆರೆದಂದಿನಿಂದ ನಮ್ಮ ಊರುಗಳ ಮಾಡುಗಳಿಗೆ ಬಂದ ಹಂಚು ಇದು. ನೂರು ಚದರಡಿ ಮಾಡಿಗೆ ಸುಮಾರು ಒಂದೂವರೆ ನೂರು ಹಂಚು ಬೇಕು. ಹಳೆಯ ಕಾರ್ಖಾನೆಗಳ ಹೆಸರು ಅಚ್ಚೊತ್ತಿದ ಹಂಚನ್ನು ಹೊಸ ಬಂಗಲೆ ಕಟ್ಟುವವರೂ, ಹೋಟೆಲಿನವರೂ ಹುಡುಕಿಕೊಂಡು ಬರುತ್ತಾರೆ. ಬಿದ್ದ ಗೋಡೆಯ ಮುರಕಲ್ಲು ಸಹ ಮೂಲೆ ಮುರಿಯದಿದ್ದರೆ ಇನ್ನೊಂದು ಗೋಡೆಗೆ ಸಲ್ಲುತ್ತದೆ. ಬೇಸಗೆಯಲ್ಲೂ ನೀರಿರುವ ಬಾವಿಯೊಂದು ಇದ್ದರೆ ಅದಕ್ಕೆ ಪ್ರತ್ಯೇಕ ಬೆಲೆಯುಂಟು. ವಾಹನ ಬರುವ ದಾರಿ ಯಾರ ಹೆಸರಿನಲ್ಲಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ಸಂಗತಿ. ಇಷ್ಟೆಲ್ಲ ಸೇರಿದ್ದಕ್ಕೆ "ಬೆಲೆಯಿಲ್ಲದ ಮನೆ" ಎಂಬ ಹೆಸರು.

ಬದಿಯಡ್ಕದಿಂದ ಮೂಡಲಿಗಿರುವ ಒಂದು ಮನೆಯ ವಿಷಯ ಇಲ್ಲಿ ಹೇಳುವುದು ಉಚಿತ. ಮನೆಯವರ ಹೆಸರು ಬೇಡ. ಎಂಬತ್ತು ದಾಟಿದ ಅಜ್ಜಿ, ಜೊತೆಗಿರುವ ಒಬ್ಬ ಮಗ, ಸೊಸೆ, ಮೊಮ್ಮಗಳು. ಹೊರಗಿರುವ ಇಬ್ಬರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. 2022ರ ಆಟಿಯಲ್ಲಿ ಅಡುಗೆಮನೆಯ ಹಿಂದಿನ ಗೋಡೆ, ಅದರೊಂದಿಗೆ ಮಾಡಿನ ಒಂದು ಮಗ್ಗುಲು ಕುಸಿಯಿತು. ಹತ್ತು ದಿನದೊಳಗೆ ಗಿರಾಕಿ ಬಂದ. 26 ಸೆಂಟ್ಸ್ ಜಾಗ ಮನೆ ಸಹಿತ, ಇದ್ದ ಹಾಗೆ, ಒಂದೇ ಮೊತ್ತ. ಮುಂಗಡ 50,000 ರೂಪಾಯಿ ಕೈಯಲ್ಲೇ. ಮೂರು ಪುಟದ ಕರಾರನ್ನು ಅವನೇ ಬರೆಸಿಕೊಂಡು ಬಂದಿದ್ದ. ಅದು ಮಲಯಾಳದಲ್ಲಿತ್ತು.

ಆ ಮನೆಯ ಮಗನಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಪೇಟೆಯಲ್ಲಿ ಮಲಯಾಳ ಸರಾಗ ಮಾತಾಡುತ್ತಾನೆ. ಓದಲು ಬರುವುದು ಕನ್ನಡ ಮಾತ್ರ. ನಮ್ಮ ತಾಲೂಕುಗಳಲ್ಲಿ ಆ ಪ್ರಾಯದ ನೂರಾರು ಮಂದಿಯ ಸ್ಥಿತಿ ಇದೇ. ಒಂಬತ್ತನೆಯ ತರಗತಿಯ ಮೊಮ್ಮಗಳು ಮಲಯಾಳ ಓದಬಲ್ಲಳು. ಆಕೆ ಅಕ್ಷರ ಓದಿದಳು, ಅರ್ಥ ಆಗಲಿಲ್ಲ. ಆಧಾರ ಬರೆಯುವವರ ಮಲಯಾಳ ಪಾಠಪುಸ್ತಕದ ಮಲಯಾಳವಲ್ಲ. ಕಾಗದವನ್ನು ಹಿಡಿದುಕೊಂಡು ಮಗ ನಮ್ಮಲ್ಲಿಗೆ ಬಂದ. "ಮಾಷ್ಟ್ರೇ, ಇದರಲ್ಲಿ ಏನುಂಟು ಎಂದು ಒಮ್ಮೆ ಹೇಳಿಬಿಡಿ, ಅವರು ಸಾಯಂಕಾಲ ಬರುತ್ತಾರೆ."

ಎರಡನೆಯ ಪುಟದ ನಡುವೆ ಇದ್ದ ಒಂದು ವಾಕ್ಯದ ಸಾರಾಂಶ ಹೀಗಿತ್ತು: ಕರಾರಿನ ದಿನದಿಂದಲೇ ಕಟ್ಟಡವನ್ನು ಕೆಡಹಿ ಸಾಮಾನು ಸಾಗಿಸುವ ಹಕ್ಕು ಕೊಳ್ಳುವವನಿಗಿದೆ. ಕರಾರಿನ ವಾಯಿದೆ ಹನ್ನೊಂದು ತಿಂಗಳು. ಆಧಾರವನ್ನು ತನ್ನ ಹೆಸರಿಗೆ ಯಾ ತಾನು ಸೂಚಿಸುವವರ ಹೆಸರಿಗೆ ಮಾಡಿಕೊಡಬೇಕು. ಅಂದರೆ 50,000 ಕೊಟ್ಟು ಮನೆಯ ಮರ, ಹಂಚು, ಕಲ್ಲು ಎಲ್ಲ ಸಾಗಿಸಿ, ಹನ್ನೊಂದು ತಿಂಗಳು ಬೇರೆ ಗಿರಾಕಿ ಹುಡುಕಿ, ಸಿಕ್ಕಿದರೆ ಹೆಚ್ಚು ಬೆಲೆಗೆ ಅವನ ಹೆಸರಿಗೆ ಆಧಾರ, ಸಿಗದಿದ್ದರೆ ಮುಂಗಡ ಬಿಟ್ಟು ಕೈತೊಳೆದುಕೊಳ್ಳುವುದು. ಅಜ್ಜಿಗೆ ಉಳಿಯುವುದು ಪಂಚಾಂಗ ಮಾತ್ರ. ಬಂದವನು ಹೀಗೆಯೇ ಮಾಡುತ್ತಿದ್ದನೆಂದು ನಾವು ಹೇಳಲಾರೆವು. ಹೀಗೆ ಮಾಡಲು ಆ ಕಾಗದ ಅವನಿಗೆ ಅನುಮತಿ ಕೊಡುತ್ತಿತ್ತು, ಅಷ್ಟೆ.

ಆ ವಾಕ್ಯ ತೆಗೆಯಬೇಕೆಂದಾಗ ಗಿರಾಕಿ ಎರಡು ವಾರ ಕಾಣಿಸಲಿಲ್ಲ. ಅಷ್ಟರಲ್ಲಿ ಬಡಗಿಯಿಂದ ಲೆಕ್ಕ ಹಾಕಿಸಿದ್ದಾಯಿತು. ಮರದ ಬೆಲೆಯೇ ಆ ಮುಂಗಡದ ನಾಲ್ಕರಷ್ಟು. ಮುಚ್ಚಿಗೆ, ಬಾಗಿಲು, ಜಂತಿಗಳನ್ನು ಹತ್ತಿರದಲ್ಲೇ ಮನೆ ಕಟ್ಟುತ್ತಿದ್ದವರೊಬ್ಬರು ಕೊಂಡರು. ಉಳಿದದ್ದನ್ನು, ಬಿದ್ದ ಗೋಡೆ ಸಹಿತ ಇದ್ದ ಹಾಗೆ, ಮೊದಲಿನ ಗಿರಾಕಿಯೇ ಮೊದಲು ಹೇಳಿದ ಬೆಲೆಗೇ ಕೊಂಡ. ಅವನಿಗೆ ಬೇಕಾಗಿದ್ದದ್ದು ರಸ್ತೆ ಬದಿಯ ಜಾಗ. ಅಜ್ಜಿ ಪುತ್ತೂರಿನ ಮಗಳ ಮನೆಗೆ ಹೋದರು. ಮೊಮ್ಮಗಳು ವರ್ಷದ ನಡುವೆ ಟಿ.ಸಿ. ತೆಗೆದುಕೊಂಡು ಹೋದಳು, ಆ ತರಗತಿಯ ಹಾಜರಿ ಪುಸ್ತಕದಲ್ಲಿ ಆ ವರ್ಷ ಹಾಗೆ ಗೆರೆ ಎಳೆದ ಮೂರನೆಯ ಹೆಸರು ಅದು.

"ಇದ್ದ ಹಾಗೆ" ಎಂಬ ಮಾತಿನ ಅರ್ಥವನ್ನು ಇನ್ನಷ್ಟು ಬಿಡಿಸಬೇಕು. ಹಾಗೆ ಮಾರಿದರೆ ತಮ್ಮ ಹೊಣೆ ಅಲ್ಲಿಗೆ ಮುಗಿಯಿತೆಂದು ಹಲವರು ತಿಳಿದಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೇ ಕಲಂ ಹೇಳುವುದು ಬೇರೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೆ ಕಾಣುವ ದೋಷವನ್ನು ಮಾರುವವನು ಹೇಳಬೇಕಾಗಿಲ್ಲ. ಬಿದ್ದ ಗೋಡೆ ಎಲ್ಲರಿಗೂ ಕಾಣುತ್ತದೆ. ಆದರೆ ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ನೋಡಿ ತಿಳಿಯಲಾರದ ಮುಖ್ಯ ದೋಷವನ್ನು ಹೇಳಲೇಬೇಕು, ಹೇಳದಿರುವುದು ವಂಚನೆಯೆನಿಸುತ್ತದೆ. ಜಾಗದ ಹಕ್ಕಿನಲ್ಲಿ ಇರುವ ತೊಡಕೂ ಈ ದೋಷದಲ್ಲಿ ಸೇರಿದೆ. ಆದುದರಿಂದ ಬಾವಿ ಬೇಸಗೆಯಲ್ಲಿ ಬತ್ತುತ್ತದಾದರೆ, ಮಳೆಗಾಲದಲ್ಲಿ ಗುಡ್ಡದ ಮಣ್ಣು ಹಿತ್ತಿಲಿಗೆ ಇಳಿಯುತ್ತದಾದರೆ, ದಾರಿಯ ಬಗ್ಗೆ ನೆರೆಯವರೊಡನೆ ವ್ಯಾಜ್ಯವಿದ್ದರೆ, ಎಲ್ಲವನ್ನೂ ಕರಾರಿನಲ್ಲೇ ಬರೆದುಬಿಡುವುದು ಒಳ್ಳೆಯದು. ಬೆಲೆ ಸ್ವಲ್ಪ ಇಳಿಯಬಹುದು. ನಾಳೆ ಕೋರ್ಟಿನಿಂದ ನೋಟೀಸು ಬರುವುದು ತಪ್ಪುತ್ತದೆ. ಗೋಡೆಯನ್ನು ಇದ್ದ ಹಾಗೆ ಮಾರಬಹುದು, ಹಕ್ಕನ್ನು ಹಾಗೆ ಮಾರಲಾಗದು.

ಹಕ್ಕಿನ ವಿಷಯದಲ್ಲಿ ನಮ್ಮ ತರವಾಡು ಮನೆಗಳಷ್ಟು ಗೋಜಲು ಬೇರೆಲ್ಲೂ ಇಲ್ಲ. ಕೇರಳದ ಹಿಂದೂ ಕೂಡುಕುಟುಂಬ ಪದ್ಧತಿ ರದ್ದಿಯಾತಿ ಕಾನೂನು 1975ರಲ್ಲಿ ಆಗಿ, 1976ರ ದಶಂಬರ 1ರಿಂದ ಜಾರಿಗೆ ಬಂತು. ಅಂದು ಅಳಿಯಸಂತಾನದ ಕುಟುಂಬವಾಗಲಿ, ಮಕ್ಕಳಸಂತಾನದ ಕುಟುಂಬವಾಗಲಿ, ಅವಿಭಕ್ತವಾಗಿದ್ದವೆಲ್ಲ ಕಾನೂನಿನ ಕಣ್ಣಿನಲ್ಲಿ ಪಾಲಾದವು. ಕಾಗದದಲ್ಲಿ ಪಾಲು ಮಾಡಿಕೊಳ್ಳದೆ ಮನೆಯನ್ನು ಹಾಗೆಯೇ ಬಿಟ್ಟವರ ಮನೆಗಳಿಗೆ ಈಗ ಇಪ್ಪತ್ತು, ಮೂವತ್ತು ಹಕ್ಕುದಾರರು. ರೊಕ್ಕದ ಗಿರಾಕಿಗಳಲ್ಲಿ ಕೆಲವರು ಇದನ್ನು ಚೆನ್ನಾಗಿ ಅರಿತವರು. ಮನೆಯಲ್ಲಿ ಕುಳಿತವರನ್ನು ಕೇಳುವುದಿಲ್ಲ; ದೂರದಲ್ಲಿರುವ, ಹಣದ ಅಡಚಣೆಯಲ್ಲಿರುವ ಒಬ್ಬ ಪಾಲುದಾರನನ್ನು ಹಿಡಿಯುತ್ತಾರೆ. ಅವನ ಪಾಲನ್ನು ಬರೆಸಿಕೊಂಡು ಬಂದು, "ಇನ್ನು ನಾನೂ ನಿಮ್ಮೊಡನೆ ಹಕ್ಕುದಾರ, ಎಲ್ಲರೂ ಕೊಟ್ಟುಬಿಡಿ" ಎನ್ನುತ್ತಾರೆ. ಹೆದರಿದವರು ಸಹಿ ಹಾಕುತ್ತಾರೆ.

ಹೆದರಬೇಕಾಗಿಲ್ಲ. ಅದೇ 1882ರ ಕಾನೂನಿನ 44ನೇ ಕಲಂ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲನ್ನು ಕೊಂಡ ಹೊರಗಿನವನಿಗೆ ಮನೆಯೊಳಗೆ ಬಂದು ಜೊತೆಯಾಗಿ ಅನುಭವಿಸುವ ಅಧಿಕಾರವಿಲ್ಲ. ಅವನು ಪಾಲಿಗಾಗಿ ಕೋರ್ಟಿಗೆ ಹೋದರೆ, 1893ರ ವಿಭಜನಾ ಕಾನೂನಿನ 4ನೇ ಕಲಂ ಮೇರೆಗೆ ಕುಟುಂಬದ ಪಾಲುದಾರನೇ ಕೋರ್ಟು ನಿಶ್ಚಯಿಸಿದ ಬೆಲೆ ಕೊಟ್ಟು ಆ ಪಾಲನ್ನು ಮರಳಿ ಕೊಳ್ಳಲು ಮುಂದೆ ಬರಬಹುದು. ಇದನ್ನು ಹೇಳಿದೊಡನೆ ಎಷ್ಟೋ ಗಿರಾಕಿಗಳ ಸ್ವರ ತಗ್ಗುವುದನ್ನು ನಾವು ಕಂಡಿದ್ದೇವೆ. ಹಾಗೆಂದು ಇದು ಮನೆ ಉಳಿಸುವ ಮಂತ್ರವಲ್ಲ. ಮೂವತ್ತು ಮಂದಿಯೂ ಒಂದು ಕಡೆ ಕುಳಿತು ಮಾತಾಡದಿದ್ದರೆ ಯಾವ ಕಲಮೂ ಮಾಡಿನ ಮೇಲೆ ಹಂಚು ಇಡುವುದಿಲ್ಲ.

ದೂರದಲ್ಲಿರುವವರು ಬರಲಾಗದೆ ಅಧಿಕಾರ ಪತ್ರ, ನಮ್ಮಲ್ಲಿ ಎಲ್ಲರೂ ಹೇಳುವಂತೆ ಮುಕ್ತ್ಯಾರು, ಕಳುಹಿಸುವುದುಂಟು. ಮುಕ್ತ್ಯಾರನ್ನು ಮನೆಯ ಒಬ್ಬರ ಹೆಸರಿಗೆ ಕೊಡಿ, ಕೊಳ್ಳುವವನ ಹೆಸರಿಗೆ ಖಂಡಿತ ಬೇಡ. ವಿದೇಶದಿಂದ ಬಂದ ಮುಕ್ತ್ಯಾರಿಗೆ ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕರಾರು ಮತ್ತು ಮುಕ್ತ್ಯಾರು ಎರಡನ್ನೂ ಪಡೆದು, ತಾನು ಆಧಾರ ಮಾಡಿಕೊಳ್ಳದೆ ಮೂರನೆಯವನಿಗೆ ಮಾರುವುದು ಹಲವು ರೊಕ್ಕದ ಗಿರಾಕಿಗಳ ಪದ್ಧತಿ. ಹೀಗೆ ಕರಾರು, ಮುಕ್ತ್ಯಾರು, ಮರಣಶಾಸನಗಳ ಮೂಲಕ ನಡೆಸುವ ಮಾರಾಟದಿಂದ ಸ್ಥಿರಾಸ್ತಿಯ ಒಡೆತನ ಬದಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ನೋಂದಾಯಿತ ಆಧಾರ ಆಗುವ ತನಕ ಜಾಗ ನಿಮ್ಮದೇ, ತೀರುವೆಯೂ ನಿಮ್ಮದೇ, ಅಲ್ಲಿ ಏನಾದರೂ ಅನಾಹುತವಾದರೆ ಮೊದಲು ಕರೆ ಬರುವುದೂ ನಿಮಗೇ.

ರೊಕ್ಕದ ವಿಷಯಕ್ಕೆ ಬರೋಣ. ನಗದು ಗಿರಾಕಿ ಎಂದರೆ ಸಾಲವಿಲ್ಲದೆ ಕೊಳ್ಳುವವನು ಎಂದು ಅರ್ಥ ಮಾಡಿಕೊಳ್ಳಬೇಕೇ ಹೊರತು ನೋಟಿನ ಕಟ್ಟು ತರುವವನೆಂದಲ್ಲ. 2015ರ ಜೂನ್ 1ರಿಂದ, ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಿಸಿ 20,000 ರೂಪಾಯಿ ಯಾ ಅದಕ್ಕೆ ಮಿಕ್ಕಿದ ಮೊತ್ತವನ್ನು, ಮುಂಗಡವಾಗಿಯೇ ಆಗಲಿ, ನೋಟಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಪಡೆದ ಮೊತ್ತದಷ್ಟೇ. ಇದರಲ್ಲಿ ಗಮನಿಸಬೇಕಾದುದೇನೆಂದರೆ, ದಂಡ ಕೊಟ್ಟವನಿಗಲ್ಲ, ಪಡೆದವನಿಗೆ. ನೋಟು ತಂದವನು ಎದ್ದು ಹೋಗುತ್ತಾನೆ, ಸಿಕ್ಕಿಬೀಳುವವರು ಮನೆ ಮಾರಿದವರು. ಕೊಡುವವನಿಗೂ ಪಡೆಯುವವನಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯವಿಲ್ಲದಿದ್ದರೆ ವಿನಾಯಿತಿಯುಂಟು. ಆದರೆ ಮುರಿದ ಮನೆ ಕೊಂಡು ಮಾರುವ ವ್ಯಾಪಾರಿ ಅಡಿಕೆ ಕೃಷಿಕನೆಂದು ಹೇಳಿಕೊಂಡರೆ ನಂಬುವವರಾರು? 2016ರ ನವಂಬರ 8ರ ರಾತ್ರಿ 500 ಮತ್ತು 1,000ದ ನೋಟುಗಳು ರದ್ದಾದಾಗ, ಜಾಗ ಮಾರಿದ ರೊಕ್ಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದವರು ಪಟ್ಟ ಪಾಡನ್ನು ಮರೆತವರಿಲ್ಲ. ಬ್ಯಾಂಕಿನ ಮೂಲಕವೇ ಪಡೆಯಿರಿ.

ನೋಟು ಬೇಡವೆಂದರೆ ಗಿರಾಕಿ ಇನ್ನೊಂದು ಮಾತು ಹೇಳುತ್ತಾನೆ: "ಆಧಾರದಲ್ಲಿ ಕಡಿಮೆ ಕಾಣಿಸೋಣ, ಇಬ್ಬರಿಗೂ ಲಾಭ." ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2. ಎರಡನ್ನೂ ರೂಢಿಯಲ್ಲಿ ಕಟ್ಟುವವನು ಕೊಳ್ಳುವವನು, ಲಾಭ ಅವನಿಗೆ. 2010ರ ಏಪ್ರಿಲ್ 1ರಿಂದ ಜಮೀನಿಗೆ ಸರಕಾರ ನಿಗದಿಪಡಿಸಿದ ನ್ಯಾಯಬೆಲೆ ಇರುವುದರಿಂದ ತೀರಾ ಕೆಳಗೆ ಇಳಿಸಲಾಗದು. ಆದರೆ ಮಾರುಕಟ್ಟೆಯ ಬೆಲೆಗೂ ನ್ಯಾಯಬೆಲೆಗೂ ನಡುವಿನ ಅಂತರ ನಮ್ಮ ಊರುಗಳಲ್ಲಿ ಸಣ್ಣದಲ್ಲ. ಬೆಲೆ ಪೂರ್ತಿ ಸಿಗದಿದ್ದಾಗ ಬಾಕಿ ಮೊತ್ತಕ್ಕೆ ಆ ಜಾಗದ ಮೇಲೆಯೇ ಮಾರಿದವನಿಗೆ ಹಿಡಿತ ಕೊಡುವ ನಿಯಮ 55ನೇ ಕಲಮಿನಲ್ಲುಂಟು. ಆಧಾರದಲ್ಲಿ ಕಡಿಮೆ ಮೊತ್ತ ಬರೆದು "ಪೂರ್ತಿ ಸಂದಿದೆ" ಎಂದು ಸಹಿ ಹಾಕಿದ ಮೇಲೆ ಆ ಹಿಡಿತ ಉಳಿಯುವುದೆಲ್ಲಿ? ಉಳಿದ ರೊಕ್ಕ "ನಾಡಿದ್ದು" ಎಂದವನನ್ನು ಹುಡುಕಿಕೊಂಡು ಉಪ್ಪಳಕ್ಕೂ ಕಾಸರಗೋಡಿಗೂ ಅಲೆದವರು ನಮಗೆ ಗೊತ್ತು.

ತೆರಿಗೆಯ ಬಗ್ಗೆ ಒಂದೇ ಮಾತು. ಹಳೆಯ ಮನೆ ಮಾರಿದಾಗ ಬರುವ ಲಾಭವನ್ನು ಲೆಕ್ಕಹಾಕಲು 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಆಧಾರವಾಗಿ ಹಿಡಿಯಲು ಅವಕಾಶವಿದೆ. ಆ ಬೆಲೆಯನ್ನು ತೋರಿಸಬೇಕಾದರೆ ಮನೆ ನಿಂತಿರುವಾಗಲೇ ಅಂಗೀಕೃತ ಮೌಲ್ಯಮಾಪಕರಿಂದ ಬರೆಸಿಕೊಂಡು, ನಾಲ್ಕೂ ಕಡೆಯಿಂದ ಫೋಟೋ ತೆಗೆಸಿಡಬೇಕು. ಕೆಡಹಿದ ಮೇಲೆ ಯಾವ ಇಂಜಿನಿಯರನೂ ಬಯಲನ್ನು ನೋಡಿ ಮನೆಯ ಬೆಲೆ ಹೇಳಲಾರ.

ಈಗ ಭಾಷೆಯ ವಿಷಯ. ಮಲಯಾಳದ ಕಾಗದದಲ್ಲಿ ನಮ್ಮವರಿಗೆ ಕಷ್ಟ ಕೊಡುವುದು ತಿಳಿಯದ ಶಬ್ದಗಳಿಗಿಂತ ತಿಳಿದಂತೆ ಕಾಣುವ ಶಬ್ದಗಳು. ಮೇಲಿನ ಪರಿಚ್ಛೇದದಲ್ಲಿ ನಾವು ಬಳಸಿದ "ಅವಕಾಶ" ಎಂಬುದನ್ನೇ ನೋಡಿ. ನಮಗೆ ಅದು ಸಂದರ್ಭ, ಅನುಕೂಲ. ಮಲಯಾಳದಲ್ಲಿ ಅದು ಹಕ್ಕು. "ಎಲ್ಲ ಅವಕಾಶಗಳನ್ನೂ ಬಿಟ್ಟುಕೊಟ್ಟಿದ್ದೇನೆ" ಎಂದು ಓದಿ ಹೇಳಿದರೆ ನಮ್ಮ ಅಜ್ಜಿಯಂದಿರಿಗೆ ಏನೋ ಒಂದು ಅನುಕೂಲ ಬಿಟ್ಟಂತೆ ಕೇಳುತ್ತದೆ. ನಿಜವಾಗಿ ಬಿಟ್ಟದ್ದು ಮನೆಯನ್ನು. "ಬಾಧ್ಯತೆ" ಎಂಬುದು ಕನ್ನಡದಲ್ಲಿ "ಹಕ್ಕುಬಾಧ್ಯತೆ" ಎಂದು ಹಕ್ಕಿನ ಜೊತೆಗೇ ನಡೆಯುವ ಶಬ್ದ. ಅವರಲ್ಲಿ ಅದು ಸಾಲ, ಹೊರೆ. "ತೀರಾಧಾರ" ಎಂದರೆ ಕ್ರಯಪತ್ರ, "ಒಳಿಮುರಿ" ಎಂದರೆ ಹಕ್ಕು ಬಿಟ್ಟುಕೊಟ್ಟ ಪತ್ರ. ಒಳಿಮುರಿಗೆ ಸಾಕ್ಷಿಯೆಂದು ಭಾವಿಸಿ ಸಹಿ ಹಾಕಿದ ತಂಗಿಯಂದಿರಿದ್ದಾರೆ.

ಕರಾರನ್ನೂ ಆಧಾರವನ್ನೂ ಕನ್ನಡದಲ್ಲಿ ಬರೆಸಲು ಸಾಧ್ಯವಿಲ್ಲವೆಂದು ಹೇಳುವವರನ್ನು ಕೂಡಲೇ ನಂಬಬೇಡಿ. 1908ರ ನೋಂದಣಿ ಕಾನೂನಿನ 19ನೇ ಕಲಂ, ನೋಂದಣಿ ಅಧಿಕಾರಿಗೆ ತಿಳಿಯದ ಮತ್ತು ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯ ಪತ್ರವಾದರೆ ಮಾತ್ರ, ಭಾಷಾಂತರ ಸಹಿತ ತರಬೇಕೆನ್ನುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಸಾಮಾನ್ಯ ಬಳಕೆಯಲ್ಲಿಲ್ಲವೆಂದು ಯಾರು ಹೇಳಿಯಾರು? 1956ರ ನವಂಬರ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಈ ಊರಿನ ಹಳೆಯ ಆಧಾರಗಳು ಕನ್ನಡದಲ್ಲೇ ಇವೆ. ಈಗ ಕನ್ನಡದಲ್ಲಿ ಆಧಾರ ಬರೆಯುವವರು ಸಿಗುವುದು ಕಷ್ಟ, ಸಿಕ್ಕಿದರೂ ಕೊಳ್ಳುವವನು ಒಪ್ಪಬೇಕು, ಸರಿಯೆ. ಅಷ್ಟಾಗದಿದ್ದರೆ ಮಲಯಾಳ ಪ್ರತಿಯ ಸಾಲುಸಾಲಿನ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಬರೆಸಿ, ಹಿಂದಿನ ದಿನವೇ ಮನೆಗೆ ತಂದು, ಸಹಿ ಹಾಕುವ ಪ್ರತಿಯೊಬ್ಬರೂ ಓದಬೇಕು. ಗಿರಾಕಿಗೆ ಒಂದು ರಾತ್ರಿಯ ತಾಳ್ಮೆ ಇಲ್ಲದಿದ್ದರೆ ಅವನ ಅವಸರಕ್ಕೆ ಏನು ಕಾರಣವೆಂದು ಯೋಚಿಸಬೇಕು. ಈ ಕೆಲಸಕ್ಕೆ ಶಾಲೆಯ ಅಧ್ಯಾಪಕರನ್ನು ಕೇಳಲು ಸಂಕೋಚ ಬೇಡ. ಎರಡೂ ಲಿಪಿ ಬಲ್ಲವರು ಎಲ್ಲ ಶಾಲೆಗಳಲ್ಲೂ ಒಬ್ಬರಿಬ್ಬರು ಇದ್ದೇ ಇರುತ್ತಾರೆ. ಕಾನೂನಿನ ತೊಡಕಿದ್ದರೆ ಮಾತ್ರ ಅಧ್ಯಾಪಕರು ಸಾಲದು, ವಕೀಲರು ಬೇಕು.

ಮನೆ ಮಾರುವಾಗ ಜೊತೆಗೆ ಹೋಗಬಾರದವು ಕೆಲವು ಇರುತ್ತವೆ. ನಾಗಬನ, ದೈವದ ಕಟ್ಟೆ, ಹಿರಿಯರನ್ನು ಸುಟ್ಟ ಜಾಗ. ಬಾಯಿಮಾತಿನಲ್ಲಿ ಎಲ್ಲ ಗಿರಾಕಿಗಳೂ "ಅದಕ್ಕೇನು, ವರ್ಷಕ್ಕೊಮ್ಮೆ ಬಂದು ತಂಬಿಲ ಮಾಡಿ" ಎನ್ನುತ್ತಾರೆ. ಅವನು ಮೂರನೆಯವನಿಗೆ ಮಾರಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ. ಬನದ ಜಾಗವನ್ನು ಅಳೆಸಿ, ಎಷ್ಟು ಸೆಂಟ್ಸ್ ಎಂದು ನಮೂದಿಸಿ, ಅದನ್ನು ಬಿಟ್ಟು ಉಳಿದದ್ದಕ್ಕೆ ಆಧಾರ ಮಾಡಬೇಕು. ಅಲ್ಲಿಗೆ ಹೋಗುವ ದಾರಿಯ ಅಗಲವನ್ನೂ ಬರೆಯಬೇಕು. ಬನ ಉಳಿದು ದಾರಿ ಹೋದ ಮನೆತನಗಳು ನಮ್ಮಲ್ಲಿ ಒಂದೆರಡಲ್ಲ. ಮಹಾಲಕ್ಷ್ಮಿಯ ಮಣೆ, ತೊಟ್ಟಿಲು, ಚಾವಡಿಯ ದೊಡ್ಡ ಬಾಗಿಲು ಮುಂತಾದವನ್ನು ಉಳಿಸಿಕೊಳ್ಳಬೇಕಿದ್ದರೆ ಕರಾರಿಗೆ ಮೊದಲೇ ಸಾಗಿಸಿಬಿಡುವುದು ಲೇಸು. "ಕಟ್ಟಡಕ್ಕೆ ಸೇರಿದ ಸಕಲ ವಸ್ತುಗಳು" ಎಂದು ಬರೆದಾದ ಮೇಲೆ ಬಾಗಿಲೂ ಅವನದೇ.

ಆಧಾರ ಆದ ಮೇಲೆ ಪಂಚಾಯತಿನಲ್ಲಿ ಕಟ್ಟಡ ನಂಬ್ರ, ವಿದ್ಯುತ್ ಸಂಪರ್ಕ, ವಿಲೇಜ್ ಆಫೀಸಿನಲ್ಲಿ ಪೋಕುವರವು, ಇವೆಲ್ಲ ಕೊಂಡವನ ಹೆಸರಿಗೆ ಬದಲಾದವೇ ಎಂದು ವಿಚಾರಿಸಬೇಕು. ಇಲ್ಲವಾದರೆ ಕೆಡಹಿ ಹಾಕಿದ ಮನೆಗೂ ತೆರಿಗೆ ಬಾಕಿಯ ನೋಟೀಸು ಹಳೆಯ ಯಜಮಾನರ ಹೆಸರಿಗೆ ಬರುತ್ತಿರುತ್ತದೆ. ಮನೆಯ ಮೂಲ ಆಧಾರಗಳು, ಭೂಸುಧಾರಣೆಯಲ್ಲಿ ಬಂದ ಪಟ್ಟಯ, ಹಳೆಯ ಕನ್ನಡ ಭಾಗಪತ್ರ ಇವನ್ನು ಬೆಲೆ ಪೂರ್ತಿ ಸಂದ ಮೇಲೆ ಕೇಳಿ ಪಡೆಯಲು ಕೊಂಡವನಿಗೆ ಹಕ್ಕಿದೆ, ಕೊಡಬೇಕಾಗುತ್ತದೆ. ಕೊಡುವ ಮುಂಚೆ ಪ್ರತಿಯೊಂದು ಪುಟದ ನಕಲು ತೆಗೆಸಿ ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ ಹಂಚಿ. ಅದರಲ್ಲಿ ಮುತ್ತಜ್ಜನ ಹೆಸರು, ಮನೆಯ ಹೆಸರು, ಗದ್ದೆಗಳ ಹೆಸರು ಎಲ್ಲ ಇರುತ್ತವೆ.